ಕರೆಂಟನ್ನು ಬಿಡುವ ಹೊತ್ತು: ಮನೆಯ ಸಾಮಾನಿನಲ್ಲೇ ಪಲ್ಸ್ ಮೋಟಾರ್

ತಿಪಟೂರಿನಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಫೆಬ್ರವರಿ ಬಂತೆಂದರೆ ತೆಂಗಿನ ತೋಟಗಳಿಂದ ಸುಟ್ಟ ಮೋಟಾರುಗಳು ಬರಲು ಶುರುವಾಗುತ್ತವೆ. ಆಗ ಅಂಗಿಗೆ ಹತ್ತಿದ ವಾರ್ನಿಷಿನ ವಾಸನೆ ಹೋಗುವುದು ಮಳೆ ಹಿಡಿದ ಮೇಲೆಯೇ. ಅಂಥ ಒಂದು ಫೆಬ್ರವರಿಯ ಸಂಜೆ, ಏಳನೇ ತರಗತಿಯಲ್ಲಿ ಓದುವ ತಂಗಿಯ ಮಗಳು ಶಾಲೆ ಬಿಟ್ಟವಳೇ ಅಂಗಡಿಗೆ ಬಂದು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಪರದೆಯ ಮೇಲೆ ಸಿಡಿಯೊಂದು ಗಿರಗಿರನೆ ತಿರುಗುತ್ತಿತ್ತು.

"ಮಾವ, ಇದಕ್ಕೆ ಕರೆಂಟೇ ಬೇಡವಂತೆ. ಒಂದು ಸಲ ತಳ್ಳಿದರೆ ತಿರುಗುತ್ತಲೇ ಇರುತ್ತದಂತೆ. ವಿಜ್ಞಾನ ದಿನಕ್ಕೆ ನನಗೆ ಇದನ್ನೇ ಮಾಡಿಕೊಡು."

ಕರೆಂಟಿಲ್ಲದೆ ತಿರುಗುವ ಮೋಟಾರು ಇದ್ದಿದ್ದರೆ ನಾನು ಎಂದೋ ಅಂಗಡಿ ಮುಚ್ಚಿ ತೋಟ ನೋಡಿಕೊಂಡು ಇರುತ್ತಿದ್ದೆ ಎಂದೆ. ಆದರೆ ಸುಳ್ಳು ಇದ್ದದ್ದು ವಿಡಿಯೋದ ಮಾತಿನಲ್ಲಿ, ಮೋಟಾರಿನಲ್ಲಿ ಅಲ್ಲ. ಅದು ಪಲ್ಸ್ ಮೋಟಾರು. ಬ್ಯಾಟರಿಯನ್ನು ಎಲ್ಲೋ ಅಡಗಿಸಿಟ್ಟಿದ್ದರು, ಅಷ್ಟೇ. ಮಾಡಿಕೊಡುವುದಿಲ್ಲ, ನೀನೇ ಮಾಡು, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದು ಒಪ್ಪಂದ ಮಾಡಿಕೊಂಡೆವು. ನಾವು ಮಾಡಿದ ಮೂರು ಮೋಟಾರುಗಳ ವಿಧಾನವನ್ನು, ಕೆಟ್ಟಲ್ಲೆಲ್ಲ ಹೇಗೆ ಕೆಟ್ಟಿತು ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಪಲ್ಸ್ ಮೋಟಾರೆಂದರೆ ಕಾಯಿಲಿಗೆ, ಎಂದರೆ ತಂತಿಯ ಸುರುಳಿಗೆ, ಕರೆಂಟನ್ನು ಒಂದೇ ಸಮನೆ ಕೊಡದೆ, ತಿರುಗುವ ಭಾಗ ತಕ್ಕ ಜಾಗಕ್ಕೆ ಬಂದಾಗ ಮಾತ್ರ ಒಂದು ಏಟು ಕೊಟ್ಟು ಕೂಡಲೇ ಬಿಟ್ಟುಬಿಡುವ ಮೋಟಾರು. ಕೊಡುವುದು ಸುಲಭ. ಬಿಡುವುದರಲ್ಲಿಯೇ ಎಲ್ಲ ಇರುವುದು. ನನ್ನ ಕೈಗೆ ಬರುವ ಸಿಂಗಲ್ ಫೇಸ್ ಮೋಟಾರುಗಳಲ್ಲಿ ಸೆಂಟ್ರಿಫ್ಯೂಗಲ್ ಸ್ವಿಚ್ಚು ಎಂದೊಂದು ಇರುತ್ತದೆ. ಮೋಟಾರು ಪೂರ್ತಿ ವೇಗದ ಮುಕ್ಕಾಲು ಪಾಲಿಗೆ ಬರುವಷ್ಟರಲ್ಲಿ ಅದು ಟಕ್ಕೆಂದು ಬಿಚ್ಚಿಕೊಂಡು ಸ್ಟಾರ್ಟಿಂಗ್ ವೈಂಡಿಂಗಿನ ಕರೆಂಟು ತಪ್ಪಿಸಬೇಕು. ದೂಳು ಕೂತು ಅದು ಬಿಚ್ಚಿಕೊಳ್ಳದಿದ್ದರೆ ಆ ವೈಂಡಿಂಗು ಹೊಗೆಯಾಡಿ ನನ್ನ ಅಂಗಡಿಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಕೈಬಿಡದ ಕರೆಂಟಿನಿಂದಲೇ ನನ್ನ ಅರ್ಧ ಸಂಪಾದನೆ ಎಂದರೂ ತಪ್ಪಿಲ್ಲ.

ಏನನ್ನೂ ಮಾಡುವ ಮೊದಲು ಕೆಟ್ಟುಹೋದ ಗೋಡೆ ಗಡಿಯಾರವೊಂದನ್ನು ಬಿಚ್ಚಿ. ಸೆಲ್ ಹಾಕುವ ಕ್ವಾರ್ಟ್ಸ್ ಗಡಿಯಾರ. ಪ್ರತಿಯೊಂದು ಮನೆಯಲ್ಲೂ ಒಂದು ಪಲ್ಸ್ ಮೋಟಾರು ಆಗಲೇ ಓಡುತ್ತಿದೆ, ಅದು ಇದರೊಳಗಿದೆ. ಕಪ್ಪು ಡಬ್ಬಿಯ ಕೊಂಡಿಗಳನ್ನು ಉಗುರಿನಲ್ಲಿ ಮೀಟಿದರೆ ಮುಚ್ಚಳ ಏಳುತ್ತದೆ. ಒಳಗೆ ಕೂದಲೆಳೆಯಂಥ ತಂತಿಯ ಒಂದು ಕಾಯಿಲು, ಅದರ ಕಬ್ಬಿಣದ ತಗಡಿನ ತೂತಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ಅಯಸ್ಕಾಂತ. ಗಡಿಯಾರದ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಹಾಗೆ ಸೆಕೆಂಡಿಗೊಂದು ಏಟು. ಪ್ರತಿ ಏಟಿಗೂ ಅಯಸ್ಕಾಂತ ಅರ್ಧ ಸುತ್ತು ತಿರುಗುತ್ತದೆ, ಮುಂದಿನ ಏಟಿನಲ್ಲಿ ಕರೆಂಟಿನ ದಿಕ್ಕು ಉಲ್ಟಾ. ಇದನ್ನು ಫ್ರಾನ್ಸಿನ ಮಾರಿಯಸ್ ಲಾವೆ ಎಂಬ ಎಂಜಿನಿಯರು 1936ರಲ್ಲಿ ಕಂಡುಹಿಡಿದದ್ದು. ಕಾಯಿಲಿನ ಎರಡು ತುದಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಒಮ್ಮೆ ಮುಟ್ಟಿಸಿ ತೆಗೆಯಿರಿ, ಮುಳ್ಳು ಒಂದು ಮನೆ ಮುಂದಕ್ಕೆ ಹೋಗುತ್ತದೆ. ಇನ್ನೊಮ್ಮೆ ಹಾಗೆಯೇ ಮುಟ್ಟಿಸಿದರೆ ಮಿಸುಕುವುದಿಲ್ಲ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿದರೆ ಮತ್ತೊಂದು ಮನೆ. ತಂಗಿಯ ಮಗಳು ಅರ್ಧ ಗಂಟೆ ಇದನ್ನೇ ಮಾಡುತ್ತ ಕೂತಿದ್ದಳು. ಕಲಿಯಬೇಕಾದ್ದರಲ್ಲಿ ಅರ್ಧವನ್ನು ಅವಳು ಅಲ್ಲಿಯೇ ಕಲಿತಳು.

ಮೊದಲ ಮೋಟಾರು ಪಿನ್ನಿನದು. ಟಾರ್ಚಿನ ದಪ್ಪ ಸೆಲ್ಲು ಒಂದು, ಸೇಫ್ಟಿ ಪಿನ್ನು ಎರಡು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದು ಅಯಸ್ಕಾಂತ, ಒಂದು ಮೀಟರಿನಷ್ಟು 26 ಗೇಜ್ ಎನಾಮೆಲ್ ತಂತಿ (ಕರೆಂಟು ತಾಗದಂತೆ ಮೈಗೆ ತೆಳು ಲೇಪ ಹಚ್ಚಿದ ತಾಮ್ರದ ತಂತಿ). ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಇಷ್ಟು ತಂತಿಯನ್ನು ಯಾರೂ ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ. ತಂತಿಯನ್ನು ಮಾರ್ಕರ್ ಪೆನ್ನಿನ ಮೇಲೆ ಹತ್ತು ಹನ್ನೆರಡು ಸುತ್ತು ಸುತ್ತಿ, ಎರಡು ತುದಿಗಳನ್ನು ಬಳೆಗೆ ಎರಡೆರಡು ಸಲ ಬಿಗಿದು, ಎದುರುಬದುರಾಗಿ ನೆಟ್ಟಗೆ ಚಾಚುವಂತೆ ಬಿಡಿ. ಪಿನ್ನುಗಳನ್ನು ಸೆಲ್ಲಿನ ಎರಡು ತಲೆಗೆ ರಬ್ಬರಿನಿಂದ ಒತ್ತಿ ಕಟ್ಟಿ, ಪಿನ್ನಿನ ಕಣ್ಣುಗಳಲ್ಲಿ ತಂತಿಯ ತುದಿಗಳನ್ನು ತೂರಿಸಿ, ಕಾಯಿಲಿನ ಕೆಳಗೆ ಸೆಲ್ಲಿನ ಮೈಗೆ ಅಯಸ್ಕಾಂತ ಅಂಟಿಸಿದರೆ ಮೋಟಾರು ಮುಗಿಯಿತು.

ಮುಗಿಯಲಿಲ್ಲ, ತುದಿ ಕೆರೆಯುವುದು ಉಳಿದಿದೆ. ಒಂದು ತುದಿಯ ಎನಾಮೆಲನ್ನು ಸುತ್ತಲೂ ಪೂರ್ತಿ ತೆಗೆಯಬೇಕು. ಇನ್ನೊಂದು ತುದಿಯಲ್ಲಿ ಅರ್ಧ ಮೈ ಮಾತ್ರ. ಆ ಅರ್ಧ ಬರಿಯ ತಾಮ್ರ ಪಿನ್ನಿಗೆ ತಾಗಿದಾಗ ಕರೆಂಟು, ಎನಾಮೆಲ್ ಇರುವ ಅರ್ಧ ತಾಗಿದಾಗ ಬಿಡುವು. ಅರ್ಧ ಸುತ್ತು ಏಟು, ಅರ್ಧ ಸುತ್ತು ಓಟ. ಇದೂ ಪಲ್ಸ್ ಮೋಟಾರೇ. ಯಾವ ಅರ್ಧ ಎಂಬುದಕ್ಕೆ ಕಾಯಿಲಿನ ಬಳೆಯನ್ನು ಮೇಜಿನ ಅಂಚಿನಿಂದ ಆಚೆಗೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ಎಂದರೆ ನಮ್ಮನ್ನು ನೋಡುವ ಕನ್ನಡಿಯ ಹಾಗೆ. ತುದಿಯನ್ನು ಮೇಜಿನ ಮೇಲೆ ಒತ್ತಿ, ಮೇಲ್ಮೈಯನ್ನು ಮಾತ್ರ ಬ್ಲೇಡಿನಿಂದ ಎಳೆಯಿರಿ. ಇವಳು ಬಳೆಯನ್ನು ರೊಟ್ಟಿಯ ಹಾಗೆ ಮಲಗಿಸಿ ಕೆರೆದಳು. ಕಾಯಿಲು ಚಳಿಜ್ವರ ಬಂದವರಂತೆ ನಡುಗಿತೇ ಹೊರತು ತಿರುಗಲಿಲ್ಲ. ಹಾಗೆ ಮಲಗಿಸಿ ಕೆರೆದರೆ ಕರೆಂಟು ಕಾಲು ಸುತ್ತು ಮುಂದಕ್ಕೆ ನೂಕಿ, ಮುಂದಿನ ಕಾಲು ಸುತ್ತು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ತಪ್ಪು ಬೆಂಕಿಕಡ್ಡಿಯಿಂದ ಸುಡುವುದು. ಹಾಗೆ ಮಾಡಿದರೆ ಪೂರ್ತಿ ಮೈಯೂ ಬರಿದಾಗುತ್ತದೆ, ತಾಮ್ರಕ್ಕೆ ಮಸಿಯೂ ಹತ್ತುತ್ತದೆ. ಉಪ್ಪುಕಾಗದ ಪರವಾಗಿಲ್ಲ, ಬ್ಲೇಡು ಒಳ್ಳೆಯದು.

ಈ ಮೋಟಾರಿನ ಕಾಯಿಲು ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟೇ. ನಿಂತುಬಿಟ್ಟರೆ ಸೆಲ್ಲೂ ಪಿನ್ನೂ ಬಿಸಿಯಾಗುತ್ತವೆ, ಕೂಡಲೇ ಕಾಯಿಲನ್ನು ಎತ್ತಿಬಿಡಿ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಇದಕ್ಕೆ ಯಾವ ಕಾರಣಕ್ಕೂ ಕಟ್ಟಬೇಡಿ.

ಎರಡನೆಯದೇ ನಾವು ಪ್ರದರ್ಶನಕ್ಕೆ ಒಯ್ದ ಮೋಟಾರು. 2017ರಲ್ಲಿ ಮಕ್ಕಳೆಲ್ಲ ಬೆರಳ ಮೇಲೆ ತಿರುಗಿಸುತ್ತಿದ್ದ ಮೂರು ತೋಳಿನ ಸ್ಪಿನ್ನರು ನೆನಪಿದೆಯೇ? ಈಗ ಅವು ಎಲ್ಲರ ಮನೆಯ ಡ್ರಾಯರಿನ ತಳದಲ್ಲಿವೆ. ನಡುವಿನ ಬೇರಿಂಗು 608 ನಂಬರಿನದು, ಒಳತೂತು 8 ಮಿಲಿಮೀಟರು. ಇಷ್ಟು ಒಳ್ಳೆಯ ಬೇರಿಂಗನ್ನು ಆಟದ ಸಾಮಾನಿಗೆ ಹಾಕಿದ ಪುಣ್ಯಾತ್ಮರಿಗೆ ನಾನು ಋಣಿ. ಪ್ಲಾಸ್ಟಿಕ್ಕಿನದನ್ನೇ ಆರಿಸಿ. ನಡುವಿನ ಎರಡು ಮುಚ್ಚಳ ಕಿತ್ತು, ಬೇರಿಂಗಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ತಿರುಗಿಸಿ ಹಳೆಯ ಗ್ರೀಸನ್ನು ತೊಳೆಯಿರಿ. 8 ಮಿಲಿಮೀಟರಿನ ಬೋಲ್ಟನ್ನು ಮರದ ಹಲಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ನಟ್ಟಿನ ಮೇಲೆ ಸ್ಪಿನ್ನರನ್ನು ಕೂರಿಸಿ, ಮೇಲಿಂದ ಇನ್ನೊಂದು ನಟ್ಟು ಹಾಕಿ. ನಟ್ಟು ಬೇರಿಂಗಿನ ಒಳಬಳೆಯನ್ನು ಮಾತ್ರ ಹಿಡಿಯಬೇಕು, ಹೊರಬಳೆಗೆ ತಾಗಬಾರದು. ತಾಗುವಂತಿದ್ದರೆ ನಡುವೆ ಸಣ್ಣ ವಾಷರು ಕೊಡಿ. ಬೆರಳಲ್ಲಿ ಒಮ್ಮೆ ಚಿಮ್ಮಿದರೆ ಅರ್ಧ ನಿಮಿಷವಾದರೂ ತಿರುಗಬೇಕು. ತಿರುಗದಿದ್ದರೆ ಮುಂದಕ್ಕೆ ಹೋಗಬೇಡಿ, ಮತ್ತೆ ಸೀಮೆಎಣ್ಣೆ ಬಿಡಿ.

ಮೂರು ತೋಳಿಗೆ ಮೂರು ನಿಯೋಡೈಮಿಯಂ ಅಯಸ್ಕಾಂತ, 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ. ಮೂರರ ಒಂದೇ ಧ್ರುವ ಹೊರಕ್ಕೆ ಮುಖ ಮಾಡಿರಬೇಕು. ಯಾವುದು ಉತ್ತರ ಯಾವುದು ದಕ್ಷಿಣ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರನ್ನೂ ಒಂದರ ಮೇಲೊಂದು ಅಂಟಿಸಿ ಬಿಲ್ಲೆಗಳ ಗೋಪುರ ಮಾಡಿ. ಮೇಲಿನದರ ನೆತ್ತಿಗೆ ಉಗುರುಬಣ್ಣದ ಒಂದು ಚುಕ್ಕೆ, ಅದನ್ನು ಜಾರಿಸಿ ತೆಗೆದು ಮುಂದಿನದರ ನೆತ್ತಿಗೆ ಒಂದು, ಹಾಗೆಯೇ ಮೂರನೆಯದಕ್ಕೂ. ಚುಕ್ಕೆಯ ಮುಖಗಳೆಲ್ಲ ಒಂದೇ ಧ್ರುವ. ನನ್ನ ತಂಗಿ ತನ್ನ ಉಗುರುಬಣ್ಣದ ಬಾಟಲಿಯನ್ನು ಎರಡು ದಿನ ಹುಡುಕಿದಳು. ಚುಕ್ಕೆ ಹೊರಕ್ಕೆ ಬರುವಂತೆ ತೋಳಿನ ತುದಿಗೆ ಎಂ-ಸೀಲಿನಿಂದ ಕೂರಿಸಿ ಒಂದು ರಾತ್ರಿ ಒಣಗಲು ಬಿಡಿ. ಬರಿಯ ಫೆವಿಕ್ವಿಕ್ ಹಾಕಿ ಅವಸರ ಮಾಡಿದ ನಮ್ಮ ಮೊದಲ ಅಯಸ್ಕಾಂತ ಹಾರಿಹೋಗಿ, ಅಂಗಡಿಯಲ್ಲಿ ನಿಂತಿದ್ದ ಐದು ಎಚ್‌ಪಿ ಮೋಟಾರಿನ ಬಾಡಿಗೆ ಟಣ್ಣೆಂದು ಅಂಟಿಕೊಂಡಿತು. ಕಣ್ಣಿಗೆ ಬಡಿದಿದ್ದರೆ? ಆಮೇಲೆ ಇಬ್ಬರೂ ಕನ್ನಡಕ ಹಾಕಿಕೊಂಡೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಬಿಲ್ಲೆಗಳನ್ನು ಎಣಿಸಿ ತೆಗೆದು, ಎಣಿಸಿ ಇಡಿ. ಎರಡು ನುಂಗಿದರೆ ಅವು ಹೊಟ್ಟೆಯೊಳಗೆ ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಹಿಡಿಯುತ್ತವೆ. ಒಂದು ಗಳಿಗೆ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂಗತಿ ಅದು.

ಇನ್ನು ಕಾಯಿಲು, ನನ್ನ ಕಸುಬು. 12 ಮಿಲಿಮೀಟರ್ ದಪ್ಪದ ಮಾರ್ಕರ್ ಪೆನ್ನಿನ ಕೊಳವೆಯಿಂದ ಎರಡೂವರೆ ಸೆಂಟಿಮೀಟರ್ ತುಂಡು ಕತ್ತರಿಸಿ, ಎರಡು ಕಡೆ ದಪ್ಪ ರಟ್ಟಿನ ಬಿಲ್ಲೆ ಅಂಟಿಸಿ. ಬಿಲ್ಲೆಗಳ ನಡುವೆ ಎರಡು ಸೆಂಟಿಮೀಟರ್ ಜಾಗವಿರಲಿ. ಲೋಹದ ಕೊಳವೆ ಬೇಡ, ಅದರಲ್ಲಿ ಸುಳಿ ಕರೆಂಟು ಹುಟ್ಟಿ ಅಯಸ್ಕಾಂತಕ್ಕೆ ಬ್ರೇಕು ಬೀಳುತ್ತದೆ. ಒಳಗೆ ಮೊಳೆಯನ್ನೂ ತೂರಿಸಬೇಡಿ. ಮೊಳೆಯಿದ್ದರೆ ಕಾಯಿಲಿನ ಬಲ ಹೆಚ್ಚುವುದು ನಿಜ. ಆದರೆ ಕರೆಂಟಿಲ್ಲದಾಗಲೂ ಅಯಸ್ಕಾಂತ ಮೊಳೆಯನ್ನು ಎಳೆದುಕೊಂಡು ಅಲ್ಲಿಯೇ ಕಚ್ಚಿ ನಿಲ್ಲುತ್ತದೆ. 34 ಗೇಜಿನ ತಂತಿ, 500 ಸುತ್ತು. ಸುಮಾರು 22 ಮೀಟರ್ ಹಿಡಿಯುತ್ತದೆ, ತೂಕದಲ್ಲಿ ಹತ್ತು ಗ್ರಾಂ ಒಳಗೆ. ಮಲ್ಟಿಮೀಟರಿನಲ್ಲಿ 9 ಓಮಿನ ಹತ್ತಿರ ತೋರಿಸಬೇಕು. 3 ವೋಲ್ಟಿಗೆ ಆಗ ಕರೆಂಟು ಒಂದು ಆಂಪಿಯರಿನ ಮೂರನೇ ಒಂದು ಪಾಲು.

ಸುತ್ತುವಾಗ ಎಣಿಕೆ ತಪ್ಪುವುದು ಮಾತಾಡಿದರೆ. ನೂರಕ್ಕೊಮ್ಮೆ ಕಾಗದದ ಮೇಲೆ ಗೆರೆ ಎಳೆಯಿರಿ, ಯಾರಾದರೂ ಕರೆದರೆ ತಲೆ ಎತ್ತಬೇಡಿ. ನಾನು ವೈಂಡಿಂಗ್ ಕಲಿತ ಕಾಲದಲ್ಲಿ ನನ್ನ ಗುರುಗಳು ಸುತ್ತು ಎಣಿಸುವಾಗ ಅವರ ಹೆಂಡತಿ ಊಟಕ್ಕೆ ಕರೆಯಲು ಬಂದರೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಹಾಗೆಂದು ಹತ್ತು ಸುತ್ತು ಹೆಚ್ಚುಕಡಿಮೆಯಾದರೆ ಈ ಮೋಟಾರೇನೂ ಮುನಿಸಿಕೊಳ್ಳುವುದಿಲ್ಲ. ಎರಡು ತುದಿಗಳನ್ನು ಉದ್ದ ಬಿಟ್ಟು, ಟೇಪು ಸುತ್ತಿ, ಕಾಯಿಲಿನ ಬಾಯಿ ಅಯಸ್ಕಾಂತದ ದಾರಿಗೆ ಎದುರಾಗಿ 3-4 ಮಿಲಿಮೀಟರ್ ಅಂತರದಲ್ಲಿ ಇರುವಂತೆ ಹಲಗೆಗೆ ಅಂಟಿಸಿ.

ಉಳಿದದ್ದು ರೀಡ್ ಸ್ವಿಚ್ಚು. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ಕಬ್ಬಿಣ-ನಿಕಲ್ ತಗಡಿನ ಎಳೆಗಳು, ನಡುವೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಂದು. ಅಯಸ್ಕಾಂತ ಹತ್ತಿರ ಬಂದರೆ ಎಳೆಗಳು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್ವುಡ್ 1930ರ ದಶಕದಲ್ಲಿ ರೂಪಿಸಿದ ಇದು ಮುಂದೆ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿತು. ಮನೆಯಲ್ಲಿ ಹುಡುಕುವುದಾದರೆ ಸೈಕಲ್ಲಿನ ಡಿಜಿಟಲ್ ಸ್ಪೀಡೋಮೀಟರಿನ ಸೆನ್ಸರಿನಲ್ಲಿ ಸಿಗುತ್ತದೆ, ಬಾಗಿಲಿಗೆ ಹಾಕುವ ಕಳ್ಳರ ಅಲಾರಮ್ಮಿನಲ್ಲೂ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಕೊಂಡರೆ ಮೂರು ನಾಲ್ಕು ಕೊಳ್ಳಿ, ಏಕೆಂದರೆ ಒಡೆಯುತ್ತೀರಿ. ಕಾಲನ್ನು ಹಾಗೆಯೇ ಬಗ್ಗಿಸಿದರೆ ಗಾಜು ಚಿಟ್ಟೆನ್ನುತ್ತದೆ. ಗಾಜಿಗೂ ಬಗ್ಗಿಸುವ ಜಾಗಕ್ಕೂ ನಡುವೆ ಕಾಲನ್ನು ಇಕ್ಕಳದಲ್ಲಿ ಬಿಗಿಹಿಡಿದು, ಆಚೆಯ ಭಾಗವನ್ನು ಮಾತ್ರ ಬೆರಳಿನಿಂದ ಬಗ್ಗಿಸಬೇಕು. ಮೊದಲನೆಯದನ್ನು ಒಡೆದವನು ನಾನೇ. ಮೂವತ್ತು ವರ್ಷದ ಅನುಭವಿ.

ರೀಡನ್ನು ಹಲಗೆಗೆ ನೇರ ಅಂಟಿಸಬೇಡಿ. ಹಳೆಯ ಪ್ಲಾಸ್ಟಿಕ್ ಸ್ಕೇಲಿನ ಒಂದು ತುಂಡಿಗೆ ಕಾದ ಕಬ್ಬಿಣದಿಂದ ತೂತು ಮಾಡಿ (ಡ್ರಿಲ್ ಹಾಕಿದರೆ ಸ್ಕೇಲು ಸೀಳುತ್ತದೆ), ಸ್ಪಿನ್ನರಿನ ಬೋಲ್ಟಿಗೇ ಕೆಳಗಡೆ ತೊಡಿಸಿ. ಈಗ ಅದು ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗುತ್ತದೆ. ಅದರ ತುದಿಯಲ್ಲಿ ರೀಡನ್ನು ನೆಟ್ಟಗೆ ನಿಲ್ಲಿಸಿ. ವೈರಿಂಗ್ ಎಂಬುದು ಏನೂ ಇಲ್ಲ. ಎರಡು ಪೆನ್ಸಿಲ್ ಸೆಲ್ಲಿನ ಪ್ಲಸ್ಸಿನಿಂದ ಕಾಯಿಲು, ಕಾಯಿಲಿನಿಂದ ರೀಡು, ರೀಡಿನಿಂದ ಮೈನಸ್ಸು. ಒಂದೇ ಸಾಲು. ಇದರ ಮೇಲೆ, ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು), ಬಿಳಿ ಪಟ್ಟಿ ಪ್ಲಸ್ಸಿನ ಕಡೆಗೆ. ಡಯೋಡು ಏಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕಾಯಿಲು ಅಯಸ್ಕಾಂತವನ್ನು ತಳ್ಳುತ್ತದೆಯೇ ಎಳೆಯುತ್ತದೆಯೇ ನೋಡಿಕೊಳ್ಳಿ. ಒಂದು ತೋಳನ್ನು ಕಾಯಿಲಿನ ಎದುರು ತುಸು ಓರೆಗೆ ನಿಲ್ಲಿಸಿ, ರೀಡಿನ ಎರಡು ಕಾಲನ್ನು ತಂತಿಯಿಂದ ಒಂದು ಕ್ಷಣ ಮುಟ್ಟಿಸಿ. ತೋಳು ಆಚೆ ಸರಿದರೆ ಸರಿ. ಈಚೆ ಬಂದರೆ ಕಾಯಿಲಿನ ಎರಡು ತುದಿಗಳನ್ನು ಅದಲುಬದಲು ಮಾಡಿ. ಡಯೋಡಿನ ಪಟ್ಟಿ ಮಾತ್ರ ಪ್ಲಸ್ಸಿಗೇ ಇರಲಿ.

ಈಗ ಹೊಂದಿಸುವುದು. ತೋಳುಗಳ ನಡುವೆ ಮೂರನೇ ಒಂದು ಸುತ್ತು ಅಂತರವಿದೆ. ಆದ್ದರಿಂದ ರೀಡನ್ನು ಕಾಯಿಲಿನಿಂದ ಅಷ್ಟೇ ದೂರ ಆಚೆ ತಿರುಗಿಸಿಟ್ಟರೆ, ಒಂದು ತೋಳು ಕಾಯಿಲಿನ ಎದುರಿದ್ದಾಗ ಇನ್ನೊಂದು ರೀಡಿನ ಎದುರಿರುತ್ತದೆ. ಅಲ್ಲಿಂದ ತಿರುಗುವ ದಿಕ್ಕಿನಲ್ಲಿಯೇ ಸ್ಕೇಲನ್ನು ಮೂರು ನಾಲ್ಕು ಮಿಲಿಮೀಟರು ಮುಂದಕ್ಕೆ ಸರಿಸಿ. ಅಯಸ್ಕಾಂತ ಕಾಯಿಲಿನ ನಡುವನ್ನು ದಾಟಿದ ಮೇಲೆ ಕರೆಂಟು ಬೀಳಬೇಕು, ಆಗಲೇ ಅದು ಬೆನ್ನಿಗೆ ಏಟು. ದಾಟುವ ಮೊದಲೇ ಬಿದ್ದರೆ ಎದೆಗೆ ಏಟು, ಬಂದ ದಾರಿಗೆ ವಾಪಸು.

ನಾವು ಚಿಮ್ಮಿದೆವು. ಸ್ಪಿನ್ನರು ತಿರುಗಿತು, ತೊಡರಿತು, ತಿರುಗಿತು, ನಿಂತಿತು. ಸ್ಕೇಲನ್ನು ಎತ್ತ ಸರಿಸಿದರೂ ಅದೇ ಕಥೆ. ಒಂದು ಗಂಟೆ ಒದ್ದಾಡಿದ ಮೇಲೆ ಅವಳೇ ಹೇಳಿದಳು: "ಮಾವ, ಕಿವಿ ಇಟ್ಟು ಕೇಳು. ಒಂದು ತೋಳಿಗೆ ಎರಡು ಸಲ ಟಿಕ್ ಎನ್ನುತ್ತಿದೆ." ಕೈಯಲ್ಲಿ ಮೆಲ್ಲಗೆ ತಿರುಗಿಸಿ ಕಿವಿ ಇಟ್ಟೆ. ನಿಜ, ಟಿಕ್-ಟಿಕ್. ಆಗ ಹೊಳೆಯಿತು. ನಾವು ರೀಡಿನ ನಟ್ಟನಡುವಿಗೆ ಅಯಸ್ಕಾಂತದ ಮುಖ ಬರುವಂತೆ ಇಟ್ಟಿದ್ದೆವು. ಧ್ರುವವು ಸರಿಯಾಗಿ ನಡುವಿಗೆ ಮುಖ ಮಾಡಿದಾಗ ಎರಡು ಎಳೆಗಳೂ ಒಂದೇ ರೀತಿ ಪ್ರಭಾವಕ್ಕೆ ಒಳಗಾಗುತ್ತವೆ, ಒಂದನ್ನೊಂದು ಸೆಳೆಯಲು ಕಾರಣವೇ ಇರುವುದಿಲ್ಲ. ನಮ್ಮ ರೀಡು ತುಸು ಓರೆಯಾಗಿಯೂ ನಿಂತಿದ್ದರಿಂದ ಅಯಸ್ಕಾಂತ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಕೂಡಿಕೊಂಡು ನಡುವೆ ಬಿಡುತ್ತಿತ್ತು. ರೀಡನ್ನು ಅಲ್ಲಾಡದಂತೆ ನೆಟ್ಟಗೆ ಮಾಡಿ, ಅಯಸ್ಕಾಂತ ಅದರ ಒಂದು ತುದಿಯ ಎದುರು ಹಾಯುವಂತೆ ಮೇಲಕ್ಕೆ ಎತ್ತಿದೆವು. ಒಂದೇ ಟಿಕ್. ಚಿಮ್ಮಿದ್ದೇ ತಡ, ಸ್ಪಿನ್ನರು ಏರುತ್ತ ಏರುತ್ತ ಹೋಗಿ ತೋಳುಗಳು ಕಾಣದಾದವು. ಇಬ್ಬರೂ ಒಂದು ಮಾತೂ ಆಡದೆ ಸ್ವಲ್ಪ ಹೊತ್ತು ನೋಡುತ್ತ ಕೂತೆವು.

ವೇಗ ಏರಿದ ಮೇಲೆ ಸ್ಕೇಲನ್ನು ಒಂದು ಎಳೆ ಹಿಂದಕ್ಕೆ ತಂದರೆ ಇನ್ನೂ ಏರುತ್ತದೆ. ರೀಡು ಕೂಡಲು, ಕಾಯಿಲಿನಲ್ಲಿ ಕರೆಂಟು ತುಂಬಲು ಚೂರು ಹೊತ್ತು ಬೇಕು, ಅಷ್ಟರಲ್ಲಿ ಅಯಸ್ಕಾಂತ ಮುಂದೆ ಹೋಗಿಬಿಟ್ಟಿರುತ್ತದೆ. ಹಳೆಯ ಸ್ಕೂಟರುಗಳ ಪಾಯಿಂಟ್ ಸೆಟ್ ಮಾಡುತ್ತಿದ್ದ ಮೆಕ್ಯಾನಿಕ್ಕುಗಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ವೇಗ ಅಳೆಯಲು ನಾವು ಒಂದು ತೋಳಿಗೆ ಬಿಳಿ ಬಣ್ಣ ಬಳಿದು ಮೊಬೈಲಿನ ನಿಧಾನಗತಿಯ ವಿಡಿಯೋ ತೆಗೆದೆವು. ಸೆಕೆಂಡಿಗೆ 240 ಚಿತ್ರ, 16 ಚಿತ್ರಕ್ಕೆ ಒಂದು ಸುತ್ತು. ಎಂದರೆ ನಿಮಿಷಕ್ಕೆ 900.

ಇನ್ನು ಡಯೋಡಿನ ಮಾತು. ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ಕಡಿದರೆ ಅದು ಸುಮ್ಮನೆ ಸಾಯುವುದಿಲ್ಲ. ಹರಿಯುತ್ತಲೇ ಇರಲು ಹಟ ಮಾಡಿ ವೋಲ್ಟೇಜನ್ನು ಏರಿಸಿಕೊಂಡು ರೀಡಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಡಯೋಡಿದ್ದರೆ ಆ ಕರೆಂಟು ಅದರ ಮೂಲಕ ಕಾಯಿಲಿನಲ್ಲಿಯೇ ಸುತ್ತಿ ಆರಿಹೋಗುತ್ತದೆ. ಡಯೋಡಿಲ್ಲದೆ ಒಂದು ಸಂಜೆ ಓಡಿಸಿದ್ದಕ್ಕೆ ನಮ್ಮ ಎರಡನೆಯ ರೀಡಿನ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಿಡಲೇ ಇಲ್ಲ. ಮೋಟಾರು ನಿಂತಿತು, ಕಾಯಿಲು ಬೆಚ್ಚಗಾಯಿತು. ನನ್ನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಕಥೆಯೇ ಮೂರು ವೋಲ್ಟಿನಲ್ಲಿ. ಆ ಏರುವ ವೋಲ್ಟೇಜನ್ನು ಕಣ್ಣಾರೆ ನೋಡಬೇಕಾದರೆ ಸ್ವಲ್ಪ ಹೊತ್ತು ಮಾತ್ರ ಡಯೋಡು ಬಿಚ್ಚಿ, ಕೆಟ್ಟ ಟೆಸ್ಟರಿನೊಳಗಿನ ನಿಯಾನ್ ದೀಪವನ್ನು ಕಾಯಿಲಿಗೆ ಅಡ್ಡ ಹಿಡಿಯಿರಿ. ಅದು ಹೊತ್ತಿಕೊಳ್ಳಲು ಅರುವತ್ತು ಎಪ್ಪತ್ತು ವೋಲ್ಟಾದರೂ ಬೇಕು. ನಮ್ಮಲ್ಲಿರುವುದು ಎರಡು ಪೆನ್ಸಿಲ್ ಸೆಲ್ಲು. ಆದರೂ ಪ್ರತಿ ಏಟಿನ ಕೊನೆಗೆ ಕಿತ್ತಳೆ ಬಣ್ಣದ ಮಿಂಚು. ಆಗ ಬರಿಯ ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಮುಟ್ಟಬೇಡಿ.

ಮೂರನೆಯದರಲ್ಲಿ ರೀಡೇ ಇಲ್ಲ, ಅದರ ಜಾಗದಲ್ಲಿ ಟ್ರಾನ್ಸಿಸ್ಟರು, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್ಚು. ಬೆಸುಗೆ ಬಾರದವರು ಇದನ್ನು ಬಿಡಬಹುದು, ಎರಡನೆಯದೇ ನೋಡಲು ಚೆನ್ನ. ಅಂಥದೇ ಕೊಳವೆಗೆ ಎರಡು 34 ಗೇಜಿನ ತಂತಿಗಳನ್ನು ಜೋಡಿಯಾಗಿ 400 ಸುತ್ತು ಸುತ್ತಿ. ಒಂದರ ಎರಡು ತುದಿ ಯಾವುವು, ಇನ್ನೊಂದರ ಯಾವುವು ಎಂದು ಮಲ್ಟಿಮೀಟರಿನಲ್ಲಿ ಗುರುತಿಸಿಕೊಂಡು, ಎರಡರ ನಡುವೆ ಶಾರ್ಟ್ ಇಲ್ಲವೆಂದೂ ನೋಡಿಕೊಳ್ಳಿ. ಬಿಡಿ139 ಟ್ರಾನ್ಸಿಸ್ಟರಿನ ಅಕ್ಷರಗಳ ಮುಖ ನಮ್ಮ ಕಡೆಗಿದ್ದರೆ ಎಡದಿಂದ ಎಮಿಟರು, ಕಲೆಕ್ಟರು, ಬೇಸು. ಮೂರು ಸೆಲ್ಲಿನ ಪ್ಲಸ್ಸಿನಿಂದ ಮೊದಲ ತಂತಿಯ ಮೂಲಕ ಕಲೆಕ್ಟರಿಗೆ. ಎಮಿಟರು ಮೈನಸ್ಸಿಗೆ. ಎರಡನೆಯ ತಂತಿಯ ಒಂದು ತುದಿ ಮೈನಸ್ಸಿಗೆ, ಇನ್ನೊಂದು 100 ಓಮ್ ರೆಸಿಸ್ಟರಿನ ಮೂಲಕ ಬೇಸಿಗೆ. ಬೇಸಿಗೂ ಎಮಿಟರಿಗೂ ನಡುವೆ ಒಂದು ಡಯೋಡು, ಪಟ್ಟಿ ಬೇಸಿನ ಕಡೆ. ಮೊದಲ ತಂತಿಗೆ ಅಡ್ಡಲಾಗಿ ಹಿಂದಿನಂತೆಯೇ ಇನ್ನೊಂದು, ಪಟ್ಟಿ ಪ್ಲಸ್ಸಿಗೆ. ಅಯಸ್ಕಾಂತ ಹಾದುಹೋಗುವಾಗ ಎರಡನೆಯ ತಂತಿಯಲ್ಲಿ ತಾನಾಗಿ ಹುಟ್ಟುವ ವೋಲ್ಟೇಜೇ ಟ್ರಾನ್ಸಿಸ್ಟರನ್ನು ತೆರೆಯುತ್ತದೆ, ತಾನಾಗಿಯೇ ಮುಚ್ಚುತ್ತದೆ. ಜೋರಾಗಿ ಚಿಮ್ಮಿದರೆ ಮಾತ್ರ ಹೊರಡುತ್ತದೆ. ಎಷ್ಟು ಚಿಮ್ಮಿದರೂ ಹೊರಡದಿದ್ದರೆ ಎರಡನೆಯ ತಂತಿಯ ತುದಿಗಳನ್ನು ಅದಲುಬದಲು ಮಾಡಿ, ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ರೋಗ.

ಪುಕ್ಕಟೆ ಶಕ್ತಿಯ ಮಾತಿಗೆ ಹೆಸರಾದ ಅಮೆರಿಕದ ಜಾನ್ ಬೆಡಿನಿಯ ಹೆಸರಿನಲ್ಲಿ ವಿಡಿಯೋಗಳಲ್ಲಿ ಓಡಾಡುತ್ತಿರುವುದು ಹೆಚ್ಚಾಗಿ ಈ ಮಾದರಿಯೇ. ಎರಡನೆಯ ಬ್ಯಾಟರಿಯೊಂದು ಇದರಿಂದ ಪುಕ್ಕಟೆಯಾಗಿ ಚಾರ್ಜ್ ಆಗುತ್ತದೆ ಎಂದು ಮೀಟರು ಹಿಡಿದು ತೋರಿಸುತ್ತಾರೆ. ಮೀಟರು ತೋರಿಸುವುದು ವೋಲ್ಟು, ತುಂಬಿರುವ ಕರೆಂಟನ್ನಲ್ಲ. ಕಡಿದ ಕರೆಂಟಿನ ಆ ಮೊನಚು ಏಟುಗಳು ಬ್ಯಾಟರಿಯ ವೋಲ್ಟೇಜನ್ನು ಮೇಲಕ್ಕೆ ತಳ್ಳಿ ನಿಲ್ಲಿಸುತ್ತವೆ. ಒಂದು ಬಲ್ಬು ಕಟ್ಟಿ ಹತ್ತು ನಿಮಿಷ ಬಿಟ್ಟು ನೋಡಿ, ಏರಿದ್ದೆಲ್ಲ ಇಳಿದಿರುತ್ತದೆ.

ಇಷ್ಟೆಲ್ಲ ನಡೆಯುವಾಗ ಮೋಟಾರು ಬಿಚ್ಚಿಸಲು ಬಂದಿದ್ದ ತೋಟದ ಯಜಮಾನರೊಬ್ಬರು ಬೆಂಚಿನ ಮೇಲೆ ಕೂತು ಸ್ಪಿನ್ನರನ್ನೇ ನೋಡುತ್ತಿದ್ದರು. "ಇದನ್ನೇ ದೊಡ್ಡದು ಮಾಡಿ ನಮ್ಮ ಬೋರಿಗೆ ಇಳಿಸಲು ಆಗುವುದಿಲ್ಲವೇನಪ್ಪ? ಬಿಲ್ಲೇನೋ ಇಲ್ಲ, ಆದರೆ ಕರೆಂಟು ಇದ್ದರೆ ತಾನೆ!" ಎಂದರು. ಅವರ ದುಃಖ ನನಗೆ ಗೊತ್ತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಆದರೆ ಮೂರು ಫೇಸು ಬರುವ ಹೊತ್ತಿಗೆ ಕಾದು ರಾತ್ರಿ ನಿದ್ದೆಗೆಡಬೇಕು. ನಾನು ಉತ್ತರ ಹೇಳಲಿಲ್ಲ, ತಂಗಿಯ ಮಗಳಿಗೆ ಮಲ್ಟಿಮೀಟರು ಕೊಟ್ಟೆ. ಅವಳು ಸೆಲ್ಲಿನ ಸಾಲಿನಲ್ಲಿ ಮೀಟರನ್ನು ಸೇರಿಸಿದಳು. ಓಡುವಾಗ ಸರಾಸರಿ 60 ಮಿಲಿಆಂಪಿಯರ್. ಮೂರು ವೋಲ್ಟಿನಿಂದ ಗುಣಿಸಿ 0.18 ವಾಟ್ ಎಂದು ಕಾಗದದ ಮೇಲೆ ಬರೆದಳು. ಒಂದು ಎಚ್‌ಪಿ ಎಂದರೆ 746 ವಾಟು, ಅವರದು ಐದು ಎಚ್‌ಪಿ, 3,730 ವಾಟು. ಭಾಗಿಸಿದಳು.

"ತಾತ, ನಿಮ್ಮ ಬೋರಿಗೆ ಇಪ್ಪತ್ತು ಸಾವಿರದ ಏಳುನೂರು ಸ್ಪಿನ್ನರ್ ಬೇಕು."

"ಸೆಲ್ಲು?"

"ಒಂದಕ್ಕೆ ಎರಡು."

ಯಜಮಾನರು ನಕ್ಕು, ರಾತ್ರಿ ಎಷ್ಟು ಹೊತ್ತು ಓಡುತ್ತದೆ ನೋಡಿ ಹೇಳು ಎಂದು ಹೋದರು. ಸಾದಾ ಸೆಲ್ಲು ಹಾಕಿ ರಾತ್ರಿ ಒಂಬತ್ತಕ್ಕೆ ಚಿಮ್ಮಿ ಅಂಗಡಿಯ ಬಾಗಿಲು ಹಾಕಿದೆವು. ಬೆಳಗ್ಗೆ ಬಂದು ನೋಡಿದರೆ ನಿಂತಿತ್ತು. ಒಂದು ತೋಳು ಸರಿಯಾಗಿ ರೀಡಿನ ಎದುರೇ ನಿಂತು, ಉಳಿದ ಚೂರುಪಾರು ಕರೆಂಟನ್ನೂ ಕುಡಿದು ಮುಗಿಸಿತ್ತು. ಅದಕ್ಕೇ ಹೇಳುತ್ತೇನೆ, ಪ್ಲಸ್ಸಿನ ತಂತಿಗೆ ಒಂದು ಸಣ್ಣ ಸ್ವಿಚ್ಚು ಹಾಕಿಕೊಳ್ಳಿ, ಆಟ ಮುಗಿದ ಮೇಲೆ ಆರಿಸಿ.

ಪ್ರದರ್ಶನದ ದಿನ ಅವಳು ಸ್ಪಿನ್ನರಿನ ಪಕ್ಕದಲ್ಲಿ ಮೀಟರನ್ನೂ ಆ ಲೆಕ್ಕದ ಕಾಗದವನ್ನೂ ಇಟ್ಟುಕೊಂಡು ನಿಂತಿದ್ದಳಂತೆ. ಬಹುಮಾನ ಬಂದದ್ದು ಜ್ವಾಲಾಮುಖಿಗೆ. ಮೋಟಾರು ಈಗ ನನ್ನ ಗಲ್ಲಾಪೆಟ್ಟಿಗೆಯ ಮೇಲಿದೆ. ಬಂದವರು ಮೊದಲು ಅದನ್ನು ಒಮ್ಮೆ ಚಿಮ್ಮಿ, ಆಮೇಲೆ ತಮ್ಮ ಮೋಟಾರಿನ ಮಾತು ತೆಗೆಯುತ್ತಾರೆ. ಸ್ಕೇಲಿನ ತುಂಡನ್ನು ಯಾರೋ ಕೈಯಾಡಿಸಿ ಆಚೆಗೆ ಸರಿಸಿದ್ದಾರೆ. ಮೊನ್ನೆಯಿಂದ ಅದು ಎಡಕ್ಕೆ ತಿರುಗುತ್ತಿದೆ.